ಬಟ್ಟಲು ಎತ್ತಿಡಬೇಡಿ

ಆ ಸೋಮವಾರ ಕ್ಲಿನಿಕ್ಕಿನ ಬಾಗಿಲು ತೆಗೆಯುವ ಮುಂಚೆಯೇ ಅವರು ಹೊರಗೆ ಕಾಯುತ್ತಿದ್ದರು. ಅಮ್ಮ, ಹದಿನಾಲ್ಕು ವರ್ಷದ ಮಗ, ಮಂಡ್ಯದಿಂದ ಆರು ತಿಂಗಳಿಗೆಂದು ಬಂದಿದ್ದ ಅಜ್ಜಿ. ಹುಡುಗನ ಕೈಯಲ್ಲಿ ಒಂದು ಟವೆಲ್, ಅದರೊಳಗೆ ಅವರ ಐದು ವರ್ಷದ ಫೆರೆಟ್, ನೋಡಲು ಮುಂಗುಸಿಯಂತಿರುವ ಸಾಕುಪ್ರಾಣಿ. ಬಾಯಿಂದ ಜೊಲ್ಲು ಸುರಿಯುತ್ತಿತ್ತು. ಹಿಂಗಾಲಲ್ಲಿ ಶಕ್ತಿ ಇರಲಿಲ್ಲ. ಕಣ್ಣು ತೆರೆದೇ ಇತ್ತು, ಆದರೆ ಯಾರನ್ನೂ ನೋಡುತ್ತಿರಲಿಲ್ಲ.

"ಕೊನೇ ಸಲ ತಿಂದಿದ್ದು ಯಾವಾಗ?" ಅಂತ ಕೇಳಿದೆ.

"ನಿನ್ನೆ ಮಧ್ಯಾಹ್ನ ಡಾಕ್ಟ್ರೇ. ಡ್ರೈ ಫುಡ್ ಬಿಡಿಸಿ ಹಸಿ ಮಾಂಸಕ್ಕೆ ರೂಢಿ ಮಾಡೋಣ ಅಂತ ಕಿಬಲ್ ಕಾಳಿನ ಬಟ್ಟಲು ಎತ್ತಿಟ್ಟೆವು. ಮಾಂಸ ಮೂಸಿಯೂ ನೋಡಲಿಲ್ಲ."

ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡರು. "ಹೊಟ್ಟೆ ಹಸಿದ್ರೆ ತಾನೇ ತಿಂತದೆ ಬುಡು ಅಂತ ನಾನೇ ಹೇಳ್ದೆ ಕಣವ್ವ."

ರಕ್ತದಲ್ಲಿ ಸಕ್ಕರೆ 40ಕ್ಕೆ ಇಳಿದಿತ್ತು. ಫೆರೆಟ್‌ಗೆ ಅದು 90ರ ಮೇಲಿರಬೇಕು. ಡ್ರಿಪ್ ಹಾಕಿ ಗ್ಲೂಕೋಸ್ ಕೊಟ್ಟ ಮೇಲೆ ಒಂದು ಗಂಟೆಯೊಳಗೆ ತಲೆ ಎತ್ತಿತು. ಬದುಕಿತು. ಹೀಗೆ ಬಂದವೆಲ್ಲ ಬದುಕುವುದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಇಂಗ್ಲೆಂಡಿನ ಯಾರ್ಕ್‌ಶೈರ್‌ನಲ್ಲಿ ಪ್ರಾಣಿವೈದ್ಯೆ. ಹೆಬ್ಬಾಳದ ವೆಟರ್ನರಿ ಕಾಲೇಜಿನಲ್ಲಿ ಓದುವಾಗ ಫೆರೆಟ್ ಎಂಬ ಹೆಸರು ಕೇಳಿದ್ದು ಫ್ಲೂ ಪಾಠದಲ್ಲಿ ಮಾತ್ರ. ಮನುಷ್ಯರ ಫ್ಲೂ ವೈರಸ್ಸನ್ನು ಮೊದಲ ಸಲ ಬೇರ್ಪಡಿಸಿದ್ದು 1933ರಲ್ಲಿ, ಲಂಡನ್ನಿನ ಮಿಲ್ ಹಿಲ್‌ನಲ್ಲಿ, ಫೆರೆಟ್‌ಗಳ ಸಹಾಯದಿಂದ. ನಮ್ಮ ಫ್ಲೂ ಅದಕ್ಕೂ ಅಂಟುತ್ತೆ. ಇಲ್ಲಿಗೆ ಬಂದ ಮೇಲೆ ನೋಡಿದರೆ ಇದು ಮನೆಯಲ್ಲಿ ಸಾಕುವ ಪ್ರಾಣಿ. ನಮ್ಮವರು ಮೊದಲ ಸಲ ನೋಡಿದಾಗ ಮುಂಗುಸಿ ಅನ್ನುತ್ತಾರೆ. ಮುಂಗುಸಿಗೂ ಇದಕ್ಕೂ ಹತ್ತಿರದ ಸಂಬಂಧ ಇಲ್ಲ, ಇದು ನೀರುನಾಯಿಯ ಬಳಗ. ಲೀಡ್ಸ್, ಬ್ರಾಡ್‌ಫರ್ಡ್ ಕಡೆಯ ಕನ್ನಡ ಮನೆಗಳಲ್ಲೂ ಈಗ ಕೆಲವು ಇವೆ. ಸಾಮಾನ್ಯವಾಗಿ ಮಕ್ಕಳು ಹಟ ಮಾಡಿ ತರಿಸಿಕೊಂಡವು.

ಹಸಿ ಮಾಂಸ ಒಳ್ಳೆಯದಾ ಕೆಟ್ಟದ್ದಾ ಅಂತ ಜನ ನನ್ನ ಹತ್ತಿರ ವಾದಕ್ಕೆ ಬರುತ್ತಾರೆ. ಅದಕ್ಕೂ ಬರುತ್ತೇನೆ. ಆದರೆ ಫೆರೆಟ್‌ಗಳು ನನ್ನ ಮೇಜಿನ ಮೇಲೆ ಬಂದು ಬೀಳುವುದು ಮಾಂಸದಿಂದ ಕಡಿಮೆ, ಬಟ್ಟಲು ಎತ್ತಿಟ್ಟದ್ದರಿಂದ ಜಾಸ್ತಿ. ಎಷ್ಟು ಸಲ ಹೇಳಿದರೂ ಈ ಒಂದು ಮಾತು ಜನರ ತಲೆಗೆ ಹೋಗುವುದಿಲ್ಲ. ಹಾಗಾಗಿ ಬಿಡಿಸಿ ಹೇಳುತ್ತೇನೆ, ಸ್ವಲ್ಪ ತಾಳ್ಮೆ ಇರಲಿ.

'ಹಸಿವು ರುಚಿ ಅರಿಯದು, ನಿದ್ದೆ ಸುಖ ಅರಿಯದು' ಅಂತ ನಮ್ಮಲ್ಲಿ ಗಾದೆ ಇದೆ. ಮನುಷ್ಯರಿಗೆ ಸರಿ. ಅಜ್ಜಿ ಬದುಕಿಡೀ ಸಾಕಿದ ಹಸು, ಎಮ್ಮೆ, ಕುರಿಗಳಿಗೂ ಹೆಚ್ಚುಕಡಿಮೆ ಸರಿಯೇ. ಹಸುವಿನ ಹೊಟ್ಟೆಯಲ್ಲಿ ಯಾವಾಗಲೂ ಬುತ್ತಿ ಇರುತ್ತೆ. ಒಂದು ಹೊತ್ತು ಮೇವು ತಪ್ಪಿದರೂ ಒಳಗಿರುವುದನ್ನೇ ಮೆಲುಕು ಹಾಕುತ್ತಾ ಕೂರುತ್ತೆ. ಚೆನ್ನಾಗಿರುವ ದೊಡ್ಡ ನಾಯಿ ಒಂದು ದಿನ ಉಪವಾಸ ಇದ್ದರೆ ನಾನು ಗಾಬರಿ ಬೀಳುವುದಿಲ್ಲ. ಫೆರೆಟ್ ಕರುಳು ಗಿಡ್ಡ. ತಿಂದದ್ದು ಮೂರು-ನಾಲ್ಕು ಗಂಟೆಯಲ್ಲಿ ಆ ಕಡೆಯಿಂದ ಹೊರಗೆ ಬಂದಿರುತ್ತೆ. ರಾತ್ರಿ 10ಕ್ಕೆ ನೀವು ಬಟ್ಟಲು ಎತ್ತಿಟ್ಟರೆ ನಡುರಾತ್ರಿ 2ಕ್ಕೆ ಅದರ ಹೊಟ್ಟೆ ಖಾಲಿ. ಬೆಳಿಗ್ಗೆ 7ಕ್ಕೆ ನೀವೆದ್ದು ಮಾಂಸ ಇಡುವ ಹೊತ್ತಿಗೆ ಐದು ಗಂಟೆಯಿಂದ ಖಾಲಿ ಹೊಟ್ಟೆ. "ಒಂದೇ ಒಂದು ರಾತ್ರಿ ಡಾಕ್ಟ್ರೇ" ಅನ್ನುತ್ತಾರೆ. ಆ ಒಂದು ರಾತ್ರಿ ಅದರ ಮೈಗೆ ತುಂಬ ದೊಡ್ಡದು.

ಇನ್ನೊಂದು ವಿಷಯ ಜನಕ್ಕೆ ಗೊತ್ತೇ ಇರುವುದಿಲ್ಲ. ಫೆರೆಟ್ ಮರಿ ಮೊದಲ ಕೆಲವು ತಿಂಗಳಲ್ಲಿ ಮೂಗಿನಿಂದ ಊಟ ಕಲಿಯುತ್ತೆ. ಆ ವಯಸ್ಸಿನಲ್ಲಿ ಯಾವ ವಾಸನೆಯ ಜೊತೆ ಹೊಟ್ಟೆ ತುಂಬಿತೋ ಅದೇ ಅದಕ್ಕೆ ಊಟ. ಕಿಬಲ್ ಮಾತ್ರ ತಿಂದು ಬೆಳೆದದ್ದಕ್ಕೆ ಕೋಳಿ ಮಾಂಸ ಊಟದ ಲೆಕ್ಕಕ್ಕೇ ಬರುವುದಿಲ್ಲ. ಹಸಿದ ಮಗುವಿನ ಮುಂದೆ ಸೋಪಿನ ತುಂಡು ಇಟ್ಟರೆ ಹೇಗೋ ಹಾಗೆ. ಹಟ ಅಂತ ನಿಮಗೆ ಕಾಣುತ್ತೆ. ಎದುರಿಗಿರುವುದು ತಿನ್ನುವ ವಸ್ತು ಅಂತಲೇ ಅದಕ್ಕೆ ತಿಳಿದಿರುವುದಿಲ್ಲ. ಹಸಿವಿನಿಂದ ಸಾಯುವ ಹಂತಕ್ಕೆ ಹೋದರೂ ಕೆಲವು ಮುಟ್ಟುವುದಿಲ್ಲ.

ಇದರ ಮೇಲೆ ಇನ್ಸುಲಿನೋಮಾ ಬೇರೆ. ನಡುವಯಸ್ಸು ದಾಟಿದ ಫೆರೆಟ್‌ಗಳ ಮೇದೋಜೀರಕದಲ್ಲಿ ಸಣ್ಣ ಸಣ್ಣ ಗಂಟುಗಳಾಗುವುದು ಸಾಮಾನ್ಯ. ಕೆಲವು ಅಕ್ಕಿಕಾಳಿಗಿಂತ ಚಿಕ್ಕವು. ಅವು ಬೇಕಿದ್ದರೂ ಬೇಡದಿದ್ದರೂ ರಕ್ತದ ಸಕ್ಕರೆ ಇಳಿಸುವ ಇನ್ಸುಲಿನ್ ಸುರಿಸುತ್ತಲೇ ಇರುತ್ತವೆ. ಬಟ್ಟಲಲ್ಲಿ ಯಾವಾಗಲೂ ಏನಾದರೂ ಇದ್ದರೆ, ಅದು ಗಂಟೆಗೊಮ್ಮೆ ಹೋಗಿ ನಾಲ್ಕು ಕಾಳು ಅಗಿಯುತ್ತಿದ್ದರೆ, ಕಾಯಿಲೆ ತಿಂಗಳುಗಟ್ಟಲೆ ಹೊರಗೆ ಕಾಣಿಸಿಕೊಳ್ಳುವುದಿಲ್ಲ. ಬಟ್ಟಲು ಎತ್ತಿಟ್ಟ ದಿನ ಕಾಣಿಸಿಕೊಳ್ಳುತ್ತೆ. ಆ ಹುಡುಗನ ಫೆರೆಟ್‌ಗೂ ಆಗಿದ್ದು ಇದೇ. ಸಕ್ಕರೆ ಇಳಿದಾಗ ಫೆರೆಟ್ ಮೊದಲು ಮಂಕಾಗಿ ಎಲ್ಲೋ ನೋಡುತ್ತಾ ನಿಲ್ಲುತ್ತೆ. ಜೊಲ್ಲು ಸುರಿಸುತ್ತೆ. ಮುಂಗಾಲಿನಿಂದ ಬಾಯಿ ಕೆರೆದುಕೊಳ್ಳುತ್ತೆ. ಬಾಯಲ್ಲಿ ಏನೋ ಸಿಕ್ಕಿಹಾಕಿಕೊಂಡಿದೆ ಅಂತ ಮನೆಯವರು ಬೆರಳು ಹಾಕಿ ಹುಡುಕುತ್ತಾರೆ. ಆಮೇಲೆ ಹಿಂಗಾಲು ಸೋಲುತ್ತೆ, ಕೊನೆಗೆ ಫಿಟ್ಸ್. ಹಾಗಾದರೆ ಜೇನುತುಪ್ಪವನ್ನೋ ಸಕ್ಕರೆ ಪಾಕವನ್ನೋ ಬೆರಳಿಗೆ ಹಚ್ಚಿಕೊಂಡು ವಸಡಿಗೆ ಸವರಿ. ಫಿಟ್ಸ್ ಬರುತ್ತಿರುವಾಗ ಬಾಯಿಗೆ ಏನನ್ನೂ ಸುರಿಯಬೇಡಿ, ಬೆರಳನ್ನೂ ಹಲ್ಲಿನ ನಡುವೆ ಇಡಬೇಡಿ. ಎಚ್ಚರವಾದ ಮೇಲೆ ಅದಕ್ಕೆ ರೂಢಿ ಇರುವ ಊಟ ಸ್ವಲ್ಪ ತಿನ್ನಿಸಿ. ಬರೀ ಸಿಹಿ ಕೊಟ್ಟು ಬಿಟ್ಟರೆ ಇನ್ಸುಲಿನ್ ಮತ್ತೆ ಏರಿ ಸಕ್ಕರೆ ಇನ್ನೂ ಕೆಳಗೆ ಬೀಳಬಹುದು. ಸುಧಾರಿಸಿಕೊಂಡಂತೆ ಕಂಡರೂ ಅವತ್ತೇ ವೈದ್ಯರ ಹತ್ತಿರ ಹೋಗಿ.

ಹಾಗಾಗಿ ಮೂರೂವರೆ, ನಾಲ್ಕು ವರ್ಷ ದಾಟಿದ ಫೆರೆಟ್‌ನ ಊಟ ಬದಲಿಸುವ ಮುಂಚೆ ಒಂದು ಸಲ ರಕ್ತದ ಸಕ್ಕರೆ ನೋಡಿಸಿ. ಅದಕ್ಕೂ ಮನೆಯಲ್ಲೇ ಉಪವಾಸ ಕೆಡವಿ ಕರೆತರಬೇಡಿ. ಎಷ್ಟು ಹೊತ್ತು ಊಟ ನಿಲ್ಲಿಸಬೇಕು ಅಂತ ನಾವೇ ಹೇಳುತ್ತೇವೆ.

ಇನ್ನು ಮಾಂಸದ ಮಾತು. ಕಿಬಲ್‌ನ ಪಿಷ್ಟದಿಂದಲೇ ಈ ಗಂಟುಗಳು ಬರುತ್ತವೆ ಅಂತ ತುಂಬ ಜನ ಖಚಿತವಾಗಿ ಹೇಳುತ್ತಾರೆ. ಅನುಮಾನ ಪಡಲು ಕಾರಣ ಇದೆ, ಸಾಬೀತಾಗಿಲ್ಲ. ಫೆರೆಟ್ ಅಪ್ಪಟ ಮಾಂಸಾಹಾರಿ, ನಾರು ಅದಕ್ಕೆ ಜೀರ್ಣವಾಗುವುದಿಲ್ಲ, ಇಷ್ಟು ಖಂಡಿತ. ಒಳ್ಳೆಯ ಕಿಬಲ್ ತಿಂದು ಎಂಟು ವರ್ಷ ಬಾಳಿದವನ್ನೂ ನಾನು ನೋಡಿದ್ದೇನೆ. ಮನೆಯಲ್ಲಿ ಹಸುಗೂಸು, ತುಂಬ ವಯಸ್ಸಾದವರು, ಬಸುರಿ ಹೆಂಗಸರು, ಕಿಮೋ ತೆಗೆದುಕೊಳ್ಳುತ್ತಿರುವವರು ಇದ್ದರೆ ಹಸಿ ಮಾಂಸ ಬೇಡ ಅಂತಲೇ ನನ್ನ ಸಲಹೆ. ಹಕ್ಕಿಜ್ವರದ ಭಯವೂ ಈಗ ಸೇರಿಕೊಂಡಿದೆ. 2024ರ ಡಿಸೆಂಬರಿನಲ್ಲಿ ಅಮೆರಿಕದ ಓರೆಗಾನ್‌ನಲ್ಲಿ ಹಸಿ ಟರ್ಕಿ ಮಾಂಸದ ಆಹಾರ ತಿಂದ ಬೆಕ್ಕೊಂದು ಅದರಿಂದ ಸತ್ತಿತು. ಫ್ಲೂ ಇಷ್ಟು ಸುಲಭವಾಗಿ ಅಂಟುವ ಪ್ರಾಣಿಗೆ ಹಕ್ಕಿ ಮಾಂಸ ಕೊಡುವಾಗ ಅದು ಎಲ್ಲಿಂದ ಬಂತು ಅಂತ ಕೇಳಲೇಬೇಕು ಅಲ್ವಾ?

ಸೂಪರ್‌ಮಾರ್ಕೆಟ್ ಕೋಳಿಯನ್ನೇ ಕೊಡುತ್ತೇವೆ ಅನ್ನುತ್ತಾರೆ, ಮನುಷ್ಯರಿಗೆ ಆಗುವುದು ಅದಕ್ಕೆ ಆಗಲ್ವಾ ಅಂತ. ಮನುಷ್ಯರ ಕೋಳಿಯನ್ನು ಮಾರುವುದು ನೀವು ಅದನ್ನು ಬೇಯಿಸುತ್ತೀರಿ ಎಂಬ ಲೆಕ್ಕದಲ್ಲಿ. ಪ್ರಾಣಿಗಳ ಹಸಿ ಆಹಾರದ ನಿಯಮ ಬೇರೆ. ಇಲ್ಲಿ ಅದರಲ್ಲಿ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಇರಲೇಬಾರದು, ತಯಾರಿಸುವವರಿಗೆ ಸರ್ಕಾರದ ಅನುಮತಿ ಬೇಕು. ಫ್ರೀಜರ್‌ನಲ್ಲಿಟ್ಟರೆ ಸಾಲ್ಮೊನೆಲ್ಲಾ ಸಾಯುವುದಿಲ್ಲ, ಸುಮ್ನೆ ಮಲಗಿರುತ್ತೆ. ಪ್ಯಾಕೆಟ್ಟಿನ ಮೇಲೆ 'ಕಂಪ್ಲೀಟ್' ಅಂತ ಇದೆಯಾ ನೋಡಿ. 'ಕಾಂಪ್ಲಿಮೆಂಟರಿ' ಅಂತ ಇದ್ದರೆ ಅದೊಂದನ್ನೇ ದಿನಾ ಕೊಡುವ ಹಾಗಿಲ್ಲ.

ನಮ್ಮವರ ಇನ್ನೊಂದು ತಪ್ಪು ಬೋನ್‌ಲೆಸ್. ಮನೆಗೆ ತರುವುದೇ ಎದೆಭಾಗ, ಅದನ್ನೇ ಕತ್ತರಿಸಿ ಹಾಕುತ್ತಾರೆ. 100 ಗ್ರಾಂ ಎದೆಮಾಂಸದಲ್ಲಿ ರಂಜಕ ಸುಮಾರು 200 ಮಿಲಿಗ್ರಾಂ, ಕ್ಯಾಲ್ಸಿಯಂ 10ರ ಆಸುಪಾಸು. ತಿಂಗಳುಗಟ್ಟಲೆ ಇದೇ ಆದರೆ ದೇಹ ತನ್ನ ಮೂಳೆಯನ್ನೇ ಕರಗಿಸಿ ಕ್ಯಾಲ್ಸಿಯಂ ತೆಗೆದುಕೊಳ್ಳುತ್ತೆ. ಮೂಳೆ ಬೇಕು, ಹೃದಯ, ಈಲಿ ಎಲ್ಲ ಬೇಕು. ಬೇಯಿಸಿದ ಮೂಳೆ ಮಾತ್ರ ಎಂದೂ ಬೇಡ, ಅದು ಚೂಪಾಗಿ ಸೀಳುತ್ತೆ. ಸಾರಿನಲ್ಲಿ ಬೆಂದ ಪೀಸು ತೊಳೆದು ಕೊಡಬಹುದಾ ಅಂತ ಕೇಳುವವರಿಗೆ: ಬೇಡ, ಈರುಳ್ಳಿ ಬೆಳ್ಳುಳ್ಳಿ ಅದರ ರಕ್ತ ಕೆಡಿಸುತ್ತೆ.

ಮಾಂಸದ ಮಾತು ಬಂದಾಗ ನನಗೆ ಇಲ್ಲೊಬ್ಬ ಅಜ್ಜ ನೆನಪಾಗುತ್ತಾರೆ. ಕಲ್ಲಿದ್ದಲ ಗಣಿಯಲ್ಲಿ ದುಡಿದವರು, ಎಂಬತ್ತು ದಾಟಿದೆ. ಮೊಲದ ಬೇಟೆಗೆ ಫೆರೆಟ್ ಸಾಕುವವರು. ಬಿಲದ ಬಾಯಿಗಳಿಗೆಲ್ಲ ಬಲೆ ಹಾಸಿ ಒಳಗೆ ಫೆರೆಟ್ ಬಿಡುತ್ತಾರೆ, ಹೆದರಿ ಓಡಿ ಬಂದ ಮೊಲ ಬಲೆಗೆ ಬೀಳುತ್ತೆ. ಅವರ ಅಪ್ಪನ ಕಾಲದಲ್ಲಿ ಫೆರೆಟ್‌ಗೆ ಹಾಲಲ್ಲಿ ನೆನೆಸಿದ ಬ್ರೆಡ್ಡು ಹಾಕುವುದು ವಾಡಿಕೆಯಾಗಿತ್ತು. ಮಾಂಸ ಕೊಟ್ಟರೆ ಕಚ್ಚುವ ಬುದ್ಧಿ ಬರುತ್ತೆ ಅಂತ ನಂಬಿದ್ದರಂತೆ. ಕೇಳಿದಾಗ ನನಗೆ ನಮ್ಮ ಮನೆ ಬೆಕ್ಕಿಗೆ ಅಮ್ಮ ಹಾಕುತ್ತಿದ್ದ ಮೊಸರನ್ನ ಕಣ್ಣಿಗೆ ಬಂತು. ನಮ್ಮ ಬೆಕ್ಕು ಹೊರಗೆ ಇಲಿ ಹಿಡಿದು ಬದುಕಿತು. ಇವರ ಅಪ್ಪನ ಗೂಡಿನ ಫೆರೆಟ್‌ಗಳಿಗೆ ಆ ದಾರಿ ಇರಲಿಲ್ಲ, ಸದಾ ಭೇದಿ, ಮೆತ್ತನೆ ಮೂಳೆ. ಈಗ ಈ ಅಜ್ಜ ಇಡೀ ಮೊಲವನ್ನು ತುಪ್ಪಳ ಸಮೇತ ಹಾಕುತ್ತಾರೆ. ಬಲೆಗೆ ಬಿದ್ದದ್ದು ಮಾತ್ರ. ಗುಂಡೇಟಿಗೆ ಸತ್ತ ಮೊಲದ ಮೈಯಲ್ಲಿ ಸೀಸದ ಚೂರು ಉಳಿದಿರುತ್ತೆ ಅಂತ ಮುಟ್ಟಿಸುವುದಿಲ್ಲ. ಅವರ ಮರಿಗಳು ಆರು ವಾರಕ್ಕೇ ಮಾಂಸದ ವಾಸನೆ ಕಲಿತಿರುತ್ತವೆ. ಬದಲಿಸುವ ಕಷ್ಟವೇ ಇಲ್ಲ.

ನಿಮ್ಮದು ಅಂಗಡಿಯಿಂದ ಬಂದದ್ದು. ಹಾಗಾಗಿ ನಿಧಾನ. ಕಿಬಲ್ ಬಟ್ಟಲು ಅದರ ಜಾಗದಲ್ಲೇ ಇರಲಿ. ಮೊದಲು ಇನ್ನೊಂದು ಬಟ್ಟಲಲ್ಲಿ ನಾಲ್ಕು ಕಾಳು ಬಿಸಿನೀರಲ್ಲಿ ನೆನೆಸಿ ಗಂಜಿಯ ಹಾಗೆ ಮಾಡಿ, ಆರಿದ ಮೇಲೆ ಅದಕ್ಕೆ ಅರ್ಧ ಚಮಚ ರುಬ್ಬಿದ ಮಾಂಸ ಕಲಸಿ. ಉಗುರುಬೆಚ್ಚಗಿರಲಿ, ತಣ್ಣಗಿದ್ದರೆ ವಾಸನೆ ಏಳುವುದಿಲ್ಲ. ಬೆರಳ ತುದಿಯಲ್ಲಿ ಒಂದಿಷ್ಟು ತೆಗೆದು ತುಟಿಗೆ ಸವರಿ. ನೆಕ್ಕುತ್ತೆ, ಮುಖ ಸಿಂಡರಿಸುತ್ತೆ, ನಿಮ್ಮ ಸೋಫಾಕ್ಕೆ ಬಾಯಿ ಒರೆಸುತ್ತೆ. ಪರವಾಗಿಲ್ಲ. ದಿನಕ್ಕೆ ಎರಡು-ಮೂರು ಸಲ, ಜಗಳ ಮಾಡದೆ. ತಾನಾಗಿ ನೆಕ್ಕಲು ಶುರು ಮಾಡಿದ ಮೇಲೆ ಮಾಂಸ ಸ್ವಲ್ಪ ಜಾಸ್ತಿ, ಕಾಳು ಸ್ವಲ್ಪ ಕಡಿಮೆ. ಆಮೇಲೆ ಸಣ್ಣ ಚೂರು, ಆಮೇಲೆ ಉದ್ದ ಪಟ್ಟಿ, ಎಲ್ಲಕ್ಕಿಂತ ಕೊನೆಗೆ ಕೋಳಿ ರೆಕ್ಕೆಯಂಥ ಮೆತ್ತನೆ ಹಸಿ ಮೂಳೆ. ಮರಿಗಾದರೆ ಎರಡು-ಮೂರು ವಾರ ಸಾಕಾಗಬಹುದು. ವಯಸ್ಸಾದದ್ದಕ್ಕೆ ನಾಲ್ಕೈದು ತಿಂಗಳು ಹಿಡಿದದ್ದೂ ಇದೆ. ಕೆಲವು ಒಪ್ಪುವುದೇ ಇಲ್ಲ. ಅವನ್ನು ಒಳ್ಳೆಯ ಕಿಬಲ್ ಮೇಲೇ ಬಿಟ್ಟುಬಿಡಿ. ನೀವು ಸೋತಂತೆ ಆಗುವುದಿಲ್ಲ.

ಮಾಂಸದ ಬಟ್ಟಲನ್ನು ಗೂಡಿನೊಳಗೇ ಇಡಿ. ಫೆರೆಟ್‌ಗೆ ಊಟ ಕದ್ದೊಯ್ದು ಬಚ್ಚಿಡುವ ಅಭ್ಯಾಸ. ಒಂದು ಮನೆಯಲ್ಲಿ ವಾರದಿಂದ ಕೆಟ್ಟ ವಾಸನೆ ಅಂತ ಮೋರಿ ಬಿಚ್ಚಿಸಿದ್ದರು, ಕೊನೆಗೆ ಸೋಫಾದ ಹೊಟ್ಟೆಯಲ್ಲಿ ಹನ್ನೊಂದು ಕೋಳಿ ರೆಕ್ಕೆ ಸಿಕ್ಕವು. ತಿಂದು ಉಳಿದದ್ದನ್ನು ಒಂದೆರಡು ಗಂಟೆಯಲ್ಲಿ ತೆಗೆದುಬಿಡಿ. ಎತ್ತಿಡಬೇಕಾದ ಬಟ್ಟಲು ಅದೊಂದೇ.

ಅಡುಗೆಮನೆಯ ತಕ್ಕಡಿಯಲ್ಲಿ ಎರಡು ದಿನಕ್ಕೊಮ್ಮೆ ತೂಕ ನೋಡಿ. ಒಂದು ಕಿಲೋ ಪ್ರಾಣಿ 50 ಗ್ರಾಂ ಇಳಿದರೆ ಹಿಂದಿನ ಹಂತಕ್ಕೆ ಹೋಗಿ. ಇನ್ನೂ ಇಳಿದರೆ ಫೋನ್ ಮಾಡಿ. ಮಲ ಒಂದೆರಡು ದಿನ ಹಸಿರಾಗಿ, ಲೋಳೆಯಾಗಿ ಬರಬಹುದು. ಮೂರನೇ ದಿನವೂ ಹಾಗೇ ಇದ್ದರೆ, ರಕ್ತ ಕಂಡರೆ, ಇಲ್ಲಾ ಟಾರಿನಂತೆ ಕಪ್ಪಾದರೆ ಕಾಯಬೇಡಿ.

ಆ ಹುಡುಗ ಒಂದು ನೋಟ್‌ಬುಕ್ ಇಟ್ಟಿದ್ದಾನೆ. ದಿನಾಂಕ, ತೂಕ, ಏನು ತಿಂದಿತು, ಎಷ್ಟು ಹೊತ್ತಿಗೆ, ಎಲ್ಲ. ಅವನ ಫೆರೆಟ್‌ಗೆ ಈಗ ದಿನಕ್ಕೆ ಎರಡು ಹೊತ್ತು ಮಾತ್ರೆ, ಮೂರು-ನಾಲ್ಕು ಗಂಟೆಗೊಮ್ಮೆ ಊಟ. ರಾತ್ರಿಯ ಪಾಳಿ ಅವನ ಅಪ್ಪನದು. ಹನ್ನೊಂದನೇ ವಾರ ರುಬ್ಬಿದ ಮಾಂಸವನ್ನು ತಾನಾಗಿ ಬಟ್ಟಲಿಂದ ತಿಂದಿತಂತೆ. ಮಂಡ್ಯದಲ್ಲಿರುವ ಅಜ್ಜಿಗೆ ವಿಡಿಯೊ ಕಾಲ್ ಮಾಡಿ ತೋರಿಸಿದರಂತೆ. ಮಾರ್ಚ್ ತಿಂಗಳಲ್ಲಿ ಅವನದೇ ಫೋನ್ ಬಂತು. "ಡಾಕ್ಟ್ರೇ, ಎರಡು ವಾರದಲ್ಲಿ 40 ಗ್ರಾಂ ಇಳಿದಿದ್ದಾನೆ. ಊಟ ಮಾತ್ರ ಮೊದಲಿನ ಹಾಗೇ ಮಾಡ್ತಿದ್ದಾನೆ."

ಫೆರೆಟ್ ಚಳಿಗಾಲಕ್ಕೆ ಮೈ ತುಂಬಿಕೊಂಡು ವಸಂತಕ್ಕೆ ಇಳಿಯುತ್ತೆ, ಹಾಗಾಗಿ ಬರೀ ಋತುವಿನ ಇಳಿತವೂ ಇರಬಹುದು ಅಂತ ಹೇಳಿದೆ. ಆದರೂ ಶುಕ್ರವಾರ ಕರೆದುಕೊಂಡು ಬಾ, ಸಕ್ಕರೆ ಒಂದು ಸಲ ನೋಡಿಬಿಡೋಣ, ಬರುವಾಗ ದಾರಿಗೆ ಅವನ ಊಟ ತಗೊಂಡು ಬಾ ಅಂದೆ.