ಮುಟ್ಟದೆಯೇ ಮೊಟಕಾಗುವ ರನ್‌ವೇ: ಒಂದು ಲೆಕ್ಕ

ಜಕ್ಕೂರಿನ ಸರ್ಕಾರಿ ವೈಮಾನಿಕ ತರಬೇತಿ ಶಾಲೆ 1948ರದು. ಅದರ ಪಶ್ಚಿಮಕ್ಕೆ ಬಳ್ಳಾರಿ ರಸ್ತೆ; ಈಗ ಅಲ್ಲಿ ದೇವನಹಳ್ಳಿ ವಿಮಾನ ನಿಲ್ದಾಣಕ್ಕೆ ಹೋಗುವ ಎತ್ತರಿಸಿದ ಹೆದ್ದಾರಿ. ಅದನ್ನು ಕಟ್ಟುವಾಗ ರನ್‌ವೇ ಮೊಟಕಾಗುತ್ತದೆ ಎಂಬ ತಕರಾರು ಎದ್ದಿತ್ತು. ರಸ್ತೆ ಇರುವುದು ಹೊರಗೆ, ರನ್‌ವೇ ಇರುವುದು ಬೇಲಿಯ ಒಳಗೆ. ಮೊಟಕಾಗುವುದು ಹೇಗೆ? ನನ್ನ ಎರಡು ಸಂಜೆಗಳನ್ನು ಈ ಪ್ರಶ್ನೆಯೇ ನುಂಗಿತು.

ನಿಯಮ ಸುಲಭ. ಭಾರತದಲ್ಲಿ ವಿಮಾನ ನಿಲ್ದಾಣಗಳ ಸುತ್ತ ಕಟ್ಟುವುದಕ್ಕೆ 2015ರ ಎತ್ತರ ನಿರ್ಬಂಧ ನಿಯಮಗಳಿವೆ. ಕಟ್ಟುವ ಮೊದಲು ನಿರಾಕ್ಷೇಪಣಾ ಪತ್ರ ಪಡೆಯಬೇಕು. ಮುಗಿಯಿತು. ತೊಡಕು ಇರುವುದು ಇಳಿಜಾರಿನಲ್ಲಿ.

ರನ್‌ವೇ ತುದಿಯಿಂದ ಆಚೆಗೆ, ಮೇಲೇರುತ್ತ ಹೋಗುವ ಕಾಣದ ಚಪ್ಪರವೊಂದನ್ನು ಊಹಿಸಿಕೊಳ್ಳಿ. ಅದನ್ನು ಯಾವುದೂ ಚುಚ್ಚಬಾರದು. 800ರಿಂದ 1200 ಮೀಟರ್ ವರ್ಗದ, ಉಪಕರಣಗಳ ನೆರವಿಲ್ಲದೆ ಇಳಿಯುವ ರನ್‌ವೇಗೆ ಅಂತರರಾಷ್ಟ್ರೀಯ ಮಾನದಂಡದ ಇಳಿಜಾರು ಶೇ 4. ಅಂದರೆ 25 ಮೀಟರ್ ದೂರಕ್ಕೆ 1 ಮೀಟರ್ ಏರು. ಆದರೆ ಚಪ್ಪರ ಶುರುವಾಗುವುದು ಇಳಿಯುವ ಗೆರೆಯಿಂದಲ್ಲ (ರನ್‌ವೇಯಲ್ಲಿ ಇಳಿಯಲು ಬಳಸುವ ಭಾಗ ಶುರುವಾಗುವ ಬಿಳಿ ಗೆರೆ), ಅಲ್ಲಿಂದ 60 ಮೀಟರ್ ಆಚೆಯಿಂದ. ಈ 60 ಕಳೆಯುವುದನ್ನು ಮರೆತು ನಾನು ಮೂರು ಸಲ ತಪ್ಪು ಮಾಡಿದೆ.

ಒಂದು ಕಾಲ್ಪನಿಕ ಲೆಕ್ಕ (ಇವು ಜಕ್ಕೂರಿನ ಅಳತೆಗಳಲ್ಲ). ಗೆರೆಯಿಂದ 310 ಮೀಟರ್ ದೂರದಲ್ಲಿ ಮೇಲುರಸ್ತೆ. 310ರಲ್ಲಿ 60 ಕಳೆದರೆ 250. ಅದನ್ನು 25ರಿಂದ ಭಾಗಿಸಿದರೆ 10. ಅಲ್ಲಿ ಚಪ್ಪರದ ಎತ್ತರ 10 ಮೀಟರ್. ರಸ್ತೆಯ ಮೇಲ್ಮೈ 7 ಮೀಟರ್. ಸಾಕಷ್ಟು ಕೆಳಗಿದೆ ಎಂದು ನೆಮ್ಮದಿಯಾಯಿತೇ? ರಸ್ತೆಯ ಮೇಲೆ ಲಾರಿ ಓಡುತ್ತದೆ! ಅಮೆರಿಕದ ನಿಯಮ ದೊಡ್ಡ ಹೆದ್ದಾರಿಗೆ 17 ಅಡಿ, ರೈಲು ಹಳಿಗೆ 23 ಅಡಿ ಸೇರಿಸಿಯೇ ಅಳೆಯುತ್ತದೆ. 17 ಅಡಿಯನ್ನು 5 ಮೀಟರ್ ಎಂದುಕೊಳ್ಳೋಣ. ಒಟ್ಟು 12, ಚಪ್ಪರಕ್ಕಿಂತ 2 ಮೀಟರ್ ಹೆಚ್ಚು.

ರಸ್ತೆಯನ್ನು ಕೆಡವುವವರಿಲ್ಲ, ಹಾಗಾಗಿ ಗೆರೆಯೇ ಹಿಂದೆ ಸರಿಯಬೇಕು. 2 ಮೀಟರ್ ಗುಣಿಸು 25, ಅಂದರೆ 50 ಮೀಟರ್. 900 ಮೀಟರ್ ರನ್‌ವೇಯಲ್ಲಿ ಆ ಕಡೆಯಿಂದ ಇಳಿಯಲು ಉಳಿದದ್ದು 850. ಡಾಂಬರು ಹಾಗೆಯೇ ಇದೆ, ಬಿಳಿ ಗೆರೆ ಮಾತ್ರ ಸರಿದಿದೆ.

ನನ್ನ ಅಡ್ಡದಾರಿ ಇಷ್ಟೇ: ಈ ವರ್ಗದ ರನ್‌ವೇಯಲ್ಲಿ ಚಪ್ಪರವನ್ನು ಮೀರಿದ ಪ್ರತಿ ಮೀಟರ್ ಎತ್ತರ 25 ಮೀಟರ್ ಉದ್ದವನ್ನು ತಿನ್ನುತ್ತದೆ. ರಸ್ತೆಯನ್ನು ನಕ್ಷೆಯಲ್ಲೇ 2 ಮೀಟರ್ ತಗ್ಗಿಸಿದ್ದರೆ ಆ 50 ಮೀಟರ್ ಉಳಿಯುತ್ತಿತ್ತು. ದೊಡ್ಡ ನಿಲ್ದಾಣಕ್ಕೆ 50 ಮೀಟರ್ ಏನೂ ಅಲ್ಲ. ಒಂಟಿಯಾಗಿ ಹಾರಲು ಕಲಿಯುತ್ತಿರುವ ಹುಡುಗಿಗೆ ಅದು ಬ್ರೇಕ್ ಹಿಡಿಯುವ ಜಾಗ.

ಇನ್ನೊಂದು ಎಡವಟ್ಟು. ಇದೇ ವರ್ಗದಲ್ಲಿ ಸುತ್ತಲಿನ ಕಟ್ಟಡಗಳ ಎತ್ತರಕ್ಕೂ 2500 ಮೀಟರ್ ಸುತ್ತಳತೆಯೊಳಗೆ 45 ಮೀಟರ್ ಮಿತಿ ಎಂದು ಓದಿ, ಸುತ್ತಳತೆ ಎಂದೇ ಬರೆದುಕೊಂಡಿದ್ದೆ, ಅದು ತ್ರಿಜ್ಯ. ಆ 45 ಕೂಡ ನಮ್ಮ ನಿವೇಶನದ ನೆಲದಿಂದಲ್ಲ, ಏರೋಡ್ರೋಮ್ ನೆಲದ ಮಟ್ಟದಿಂದ. ನಿವೇಶನ 15 ಮೀಟರ್ ದಿಬ್ಬದ ಮೇಲಿದ್ದರೆ ಉಳಿಯುವುದು 30. ಅದರಲ್ಲೇ ಲಿಫ್ಟ್ ಕೋಣೆ, ನೀರಿನ ಟ್ಯಾಂಕ್, ಸಿಡಿಲು ತಡೆಯುವ ಕಂಬ ಎಲ್ಲವೂ ಸೇರಬೇಕು.