ಹಾವಿಗೆ ನಮ್ಮ ಮುಖ ನೆನಪಿರುತ್ತದಾ?

ಪ್ರಶ್ನೆ: ಟೀಚರ್, ಅಪ್ಪ ನಮ್ಮ ಕೊಟ್ಟಿಗೆಯಿಂದ ಒಂದು ನಾಗರಹಾವನ್ನು ಓಡಿಸಿದರು. ಅದು ಗುರುತಿಟ್ಟುಕೊಂಡು ವಾಪಸ್ ಬರುತ್ತದಾ? – ಐದನೇ ಕ್ಲಾಸಿನ ಹುಡುಗಿ, ಕಾರ್ಕಳ

ಇಲ್ಲ ಮಗಾ. ಮಳೆ ಶುರುವಾದರೆ ಸಾಕು, ಮಣಿಪಾಲದಿಂದ ಮೂಡಬಿದಿರೆಯವರೆಗೆ ಮಕ್ಕಳದ್ದು ಇದೇ ಪ್ರಶ್ನೆ. ಹೇಳಿ ಹೇಳಿ ಸುಸ್ತಾಗಿದೆ. ಆದರೂ ಇನ್ನೊಮ್ಮೆ ಹೇಳುತ್ತೇನೆ.

ಹಾವಿನ ಕಣ್ಣಲ್ಲಿ ನಮ್ಮ ಫೋಟೋ ಅಚ್ಚಾಗುತ್ತದೆ, ಹನ್ನೆರಡು ವರ್ಷ ಹಗೆ ಇಟ್ಟುಕೊಳ್ಳುತ್ತದೆ ಅಂತ ಮನೆಯಲ್ಲಿ ಹೇಳುತ್ತಾರೆ, ಅಲ್ವಾ? ಶುದ್ಧ ಸುಳ್ಳು. ಕಣ್ಣಲ್ಲಿ ಯಾವ ಫೋಟೋವೂ ಉಳಿಯುವುದಿಲ್ಲ. ವರ್ಷಗಟ್ಟಲೆ ಸಿಟ್ಟು ಕಾಯ್ದಿಟ್ಟುಕೊಳ್ಳುವಂಥ ಮಿದುಳೂ ಹಾವಿಗಿಲ್ಲ. ಇಲಿ, ಕಪ್ಪೆ ಹುಡುಕಬೇಕು, ಅಡಗಬೇಕು, ಜೋಡಿ ಸಿಗಬೇಕು. ಅದರ ಚಿಂತೆ ಇಷ್ಟೇ.

ಹಾಗಾದರೆ ಒಂದನ್ನು ಕೊಂದಲ್ಲಿಗೆ ಇನ್ನೊಂದು ಬರುವುದು ಯಾಕೆ? ವಾಸನೆಗೆ. ಬೆದೆಗೆ ಬಂದ ಹೆಣ್ಣು ಹಾವು ಹೋದ ದಾರಿಯಲ್ಲೆಲ್ಲ ವಾಸನೆ ಬಿಟ್ಟಿರುತ್ತದೆ. ಗಂಡು ಅದನ್ನೇ ಹಿಡಿದು ಬರುತ್ತದೆ. ಅಡಿಕೆ ಸಿಪ್ಪೆಯ ರಾಶಿಯಲ್ಲಿ ಇಲಿ ಇದ್ದರೆ ಮೂರನೆಯದೂ ಬಂದೀತು. ಆಗುಂಬೆ ಕಡೆ ಕಾಳಿಂಗ ಮನೆಯೊಳಗೆ ಬರುವುದೂ ಎಷ್ಟೋ ಸಲ ಕೇರೆ ಹಾವಿನ ಜಾಡು ಹಿಡಿದೇ. ಹಾವೇ ಅದರ ಊಟ. ಅಂದ ಹಾಗೆ, ನಮ್ಮ ಪಶ್ಚಿಮ ಘಟ್ಟದ ಕಾಳಿಂಗ ಬೇರೆಯೇ ಜಾತಿ ಅಂತ 2024ರಲ್ಲಿ ವಿಜ್ಞಾನಿಗಳು ತಿಳಿಸಿದರು. ಅದರ ವೈಜ್ಞಾನಿಕ ಹೆಸರಲ್ಲೂ ನಮ್ಮ 'ಕಾಳಿಂಗ'ವೇ ಇದೆ!

ನಾಗಬನಕ್ಕೆ ನಾನೂ ಕೈ ಮುಗಿಯುತ್ತೇನೆ. ಎಷ್ಟೋ ಹಳೇ ಮರಗಳು ಉಳಿದದ್ದೇ ಬನಗಳಿಂದ. ಆದರೆ ಭಕ್ತಿ ಬೇರೆ, ಈ ಹಗೆಯ ಕಥೆ ಬೇರೆ. ಅದಕ್ಕೆ ಹೆದರಿಯೇ "ಅರ್ಧ ಜೀವದಲ್ಲಿ ಬಿಡಬೇಡಿ" ಅಂತ ಹೊಡೆದು ಸಾಯಿಸುತ್ತಾರೆ. ನನಗೆ ಹೊಟ್ಟೆ ಉರಿಯುವುದು ಅಲ್ಲಿ.

ಹಾವಿಗೆ ನಾವು ಹೇಗೆ ಕಾಣುತ್ತೇವೆ? ಕಳೆದ ಆಟಿ ತಿಂಗಳಲ್ಲಿ, ಮಳೆ ಬಿಟ್ಟ ಒಂದು ಮಧ್ಯಾಹ್ನ, ನಮ್ಮ ಅಂಗಳಕ್ಕೆ ಕೇರೆಯೊಂದು ಬಂತು. ನಾನು ಅಲ್ಲಾಡದೆ ನಿಂತೆ. ನನ್ನ ಕಾಲಿನಿಂದ ಎರಡು ಮೊಳ ದೂರದಲ್ಲಿ ತಲೆ ಎತ್ತಿತು. ನಾಲಿಗೆ ಹೊರಗೆ, ಒಳಗೆ, ಮತ್ತೆ ಹೊರಗೆ. ನಾಲಿಗೆಗೆ ಅಂಟಿದ ವಾಸನೆಯನ್ನು ಬಾಯಿಯ ಮೇಲ್ಭಾಗದ ಒಂದು ಅಂಗ ಪರೀಕ್ಷೆ ಮಾಡುತ್ತದೆ. ಆಗ ಅದಕ್ಕೆ ನಾನು ಒಂದು ಕಂಬ ಇದ್ದ ಹಾಗೆ. ಸುಮ್ನೆ ಒಮ್ಮೆ ಚಪ್ಪಲಿ ಎಳೆದೆ ನೋಡಿ, ಸರ್ರನೆ ತೋಡಿನ ಕಡೆ ಓಡಿತು! ಹಾವಿಗೆ ಹೊರಗಿವಿ ಇಲ್ಲ. ನೆಲದ ನಡುಕ ದವಡೆಯ ಎಲುಬಿನಿಂದ ಒಳಗಿವಿಗೆ ಹೋಗುತ್ತದೆ. ನುಂಗಲಾಗದ, ತುಳಿಯಬಹುದಾದ ಒಂದು ದೊಡ್ಡ ವಸ್ತು ಅಲ್ಲಾಡಿತು ಅಂತ ಅದಕ್ಕೆ ಗೊತ್ತಾಯಿತು. ನಾಗರ ಹೆಡೆ ಎತ್ತುವುದೂ "ದೂರ ಹೋಗು" ಅನ್ನಲಿಕ್ಕೆ. ನೀವು ನಿಧಾನಕ್ಕೆ ಹಿಂದೆ ಸರಿಯಿರಿ, ದೊಡ್ಡವರನ್ನು ಕರೆಯಿರಿ.

ಮುಖ ನೆನಪಿಡುವವರು ಬೇಕಾ? ಮಾಡಿನ ಮೇಲೆ ನೋಡಿ, ಕಾಗೆ! ಅಮೆರಿಕದ ಸಿಯಾಟಲ್‌ನಲ್ಲಿ 2006ರಲ್ಲಿ ವಿಜ್ಞಾನಿಗಳು ಮುಖವಾಡ ಹಾಕಿಕೊಂಡು ಅಲ್ಲಿನ ಕೆಲವು ಕಾಗೆಗಳನ್ನು ಹಿಡಿದು, ಕಾಲಿಗೆ ಬಳೆ ಹಾಕಿ ಬಿಟ್ಟರು. ಆಮೇಲೆ ವರ್ಷಗಟ್ಟಲೆ, ಆ ಮುಖವಾಡ ಯಾರೇ ಹಾಕಿಕೊಂಡು ಹೋಗಲಿ, ಕಾಗೆಗಳು ಕೂಗಿ ಬೈದವು. ಮುಖವಾಡ ಇಲ್ಲದೆ ಹೋದರೆ ಸುಮ್ಮನಿದ್ದವು. ಸಿಕ್ಕಿಬೀಳದ ಕಾಗೆಗಳೂ, ಮರಿಗಳೂ ಬೈಯಲು ಕಲಿತವು.