ಊಟ ಇದೆ, ಕಸುವಿಲ್ಲ: ಮೈಟೊಕಾಂಡ್ರಿಯಾ ಡಿಸ್‌ಫಂಕ್ಷನ್ ಅಂದರೇನು?

ಕೈ ನಡುಗಿಸಿ, ಚಲನೆ ಕುಗ್ಗಿಸುವ ಪಾರ್ಕಿನ್ಸನ್ ಕಾಯಿಲೆ ಬಗ್ಗೆ ಏನೇ ಓದಿದರೂ 'ಮೈಟೊಕಾಂಡ್ರಿಯಾ ಡಿಸ್‌ಫಂಕ್ಷನ್' ಎಂಬ ಮಾತು ಎದುರಾಗುತ್ತದೆ. ಡಿಸ್‌ಫಂಕ್ಷನ್ ಅಂದರೆ ಪೂರ್ತಿ ಕೆಟ್ಟು ನಿಂತಿದೆ ಅಂತಲ್ಲ, ಕೆಲಸ ಕುಂಟುತ್ತಿದೆ ಅಂತ. ಜೀವಕೋಶಕ್ಕೆ ಸಕ್ಕರೆ, ಆಮ್ಲಜನಕ ಎಲ್ಲಾ ಸಿಗುತ್ತಿರುತ್ತದೆ. ಅದನ್ನು ಬಳಸಿ ಎಟಿಪಿ, ಅಂದರೆ ಕೋಶಕ್ಕೆ ಶಕ್ತಿ ಕೊಡುವ ಅಣು, ಮಾಡಿಕೊಳ್ಳುವುದು ಕೋಶದೊಳಗಿನ ಪುಟ್ಟ ಅಂಗಗಳಾದ ಮೈಟೊಕಾಂಡ್ರಿಯಾಗಳ ಕೆಲಸ. ಅಲ್ಲೇ ತೊಡಕು.

ಮಿದುಳಿಗೇ ಯಾಕೆ ಇಷ್ಟು ಪೆಟ್ಟು? ದೇಹದ ತೂಕದಲ್ಲಿ ಅದರ ಪಾಲು ಸುಮಾರು ಶೇ. 2, ಶಕ್ತಿಯ ಖರ್ಚಿನಲ್ಲಿ ಶೇ. 20. ನರಕೋಶ ಸುಮ್ನೆ ಕೂತಿದ್ದರೂ ಸೋಡಿಯಂ ಹೊರಗೆ ಹಾಕಿ ಪೊಟ್ಯಾಸಿಯಂ ಒಳಗೆ ಎಳೆದುಕೊಳ್ಳುತ್ತಲೇ ಇರಬೇಕು. ಅದಕ್ಕೆಲ್ಲ ಶಕ್ತಿ ಬೇಕು, ಕೂಡಿಟ್ಟ ಗಂಟೂ ಹೆಚ್ಚಿಲ್ಲ.

ಮೈಟೊಕಾಂಡ್ರಿಯಾಕ್ಕೂ ಪಾರ್ಕಿನ್ಸನ್‌ಗೂ ಇರುವ ನಂಟು ಸಿಕ್ಕಿದ್ದು ಒಂದು ದುರಂತದಿಂದ. 1982ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕೆಲವರು, ಅದೂ ಚಿಕ್ಕ ವಯಸ್ಸಿನವರು, ಇದ್ದಕ್ಕಿದ್ದಂತೆ ಮರಗಟ್ಟಿ ಆಸ್ಪತ್ರೆ ಸೇರಿದರು. ಅಲುಗಾಡಲಾರರು, ಮಾತಾಡಲಾರರು. ನೋಡಿದರೆ ವಯಸ್ಸಾದವರ ಪಾರ್ಕಿನ್ಸನ್! ನರರೋಗ ತಜ್ಞ ವಿಲಿಯಂ ಲ್ಯಾಂಗ್‌ಸ್ಟನ್ ಬೆನ್ನು ಹತ್ತಿದಾಗ ಗೊತ್ತಾಯಿತು, ಎಲ್ಲರೂ ಕಳ್ಳತನದಲ್ಲಿ ತಯಾರಿಸಿದ ಹೆರಾಯಿನ್ ಥರದ ಮಾದಕವಸ್ತು ಚುಚ್ಚಿಕೊಂಡಿದ್ದರು. ಅದರಲ್ಲಿ ಎಂಪಿಟಿಪಿ ಎಂಬ ರಾಸಾಯನಿಕ ಬೆರೆತಿತ್ತು. ಮಿದುಳಲ್ಲಿ ಅದು ರೂಪ ಬದಲಿಸಿ, ಚಲನೆಗೆ ಬೇಕಾದ ಡೋಪಮೈನ್ ಎಂಬ ರಾಸಾಯನಿಕ ತಯಾರಿಸುವ ಕೋಶಗಳೊಳಗೆ ನುಸುಳಿ, ಮೈಟೊಕಾಂಡ್ರಿಯಾದ 'ಕಾಂಪ್ಲೆಕ್ಸ್ 1' ಎಂಬ ಕಿಣ್ವವನ್ನು ಕಟ್ಟಿಹಾಕುತ್ತದೆ. ಎಟಿಪಿ ತಯಾರಿಯ ಸಾಲಿನಲ್ಲಿ ಮೊದಲ ಮೆಟ್ಟಿಲೇ ಅದು.

ವಿಷ ತಗೊಂಡವರ ಕಥೆ ಬಿಡಿ, ಮಾಮೂಲಿ ರೋಗಿಗಳಲ್ಲೂ ಹೀಗೇನಾ? 1989ರಲ್ಲಿ ಉತ್ತರ ಸಿಕ್ಕಿತು. ತೀರಿಕೊಂಡ ಪಾರ್ಕಿನ್ಸನ್ ರೋಗಿಗಳ ಮಿದುಳಿನಲ್ಲಿ ಡೋಪಮೈನ್ ಕೋಶಗಳಿರುವ ಸಬ್‌ಸ್ಟಾನ್ಷಿಯಾ ನೈಗ್ರಾ ಭಾಗದಲ್ಲೂ ಕಾಂಪ್ಲೆಕ್ಸ್ 1 ಮಂಕಾಗಿತ್ತು. ಆಮೇಲೆ ಪಾರ್ಕಿನ್, ಪಿಂಕ್1 ಎಂಬ ಜೀನ್‌ಗಳು ಪತ್ತೆಯಾದವು. ಹಾಳಾದ ಮೈಟೊಕಾಂಡ್ರಿಯಾಕ್ಕೆ ಗುರುತು ಹಾಕಿ ಕಸಕ್ಕೆ ಕಳಿಸುವುದು ಇವುಗಳ ಕೆಲಸ. ಇವು ಕೆಟ್ಟರೆ ಕೆಲವರಿಗೆ ಎಳೆ ವಯಸ್ಸಿನಲ್ಲೇ ಕಾಯಿಲೆ ಬರುತ್ತದೆ.

ಹಾಗಾದರೆ ಶಕ್ತಿಯ ಮಾತ್ರೆ ನುಂಗಿದರಾಯ್ತು ಅಲ್ವಾ? ಅಂಗಡಿಯವರೂ ಹಾಗೇ ಹೇಳುತ್ತಾರೆ. ಆದರೆ ಕೋಎನ್‌ಜೈಮ್ ಕ್ಯೂ10, ಕ್ರಿಯಾಟಿನ್ ಎಂಬ ಪೂರಕಗಳೆರಡನ್ನೂ ದೊಡ್ಡ ಪ್ರಯೋಗಗಳಲ್ಲಿ ಕೊಟ್ಟು ನೋಡಿದ್ದಾರೆ. ಕಾಯಿಲೆಯ ಓಟ ತಗ್ಗಲಿಲ್ಲ. ನನಗನ್ನಿಸುವುದು, ತಡವಾಗಿ ಹೋಗಿರುವುದೂ ಒಂದು ಕಾರಣ: ಕೈ ನಡುಗಲು ಶುರುವಾಗುವಷ್ಟರಲ್ಲಿ ಡೋಪಮೈನ್ ಕೋಶಗಳಲ್ಲಿ ದೊಡ್ಡ ಪಾಲು ಆಗಲೇ ಸತ್ತಿರುತ್ತದೆ.